ನ್ಯಾಯದ ಪ್ರಶಸ್ತಿ ಮತ್ತು ನಮ್ಮ ಜಿಲ್ಲೆಯ ‘ಅವಾರ್ಡ್’

(ಕಾನೂನು ಸೇವೆಗಳ ದಿನದ ಅಂಗವಾಗಿ ಇಳಕಲ್ಲಿನಲ್ಲಿ ನಡೆದ ಸನ್ಮಾನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದುರ್ಬಲರಿಗೆ ನ್ಯಾಯ ದೊರಕಿಸಲು ಶ್ರಮಿಸಿದವರಿಗೆ ಪ್ರಶಸ್ತಿ ನೀಡುವುದರ ಔಚಿತ್ಯದ ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ನಮಗೆ ಸೂಚಿಸಿದ್ದಾರೆ. ಇಂದು ಈ ವೇದಿಕೆಯಲ್ಲಿ ಮೂವರನ್ನು ಸನ್ಮಾನಿಸಲಾಗುತ್ತಿದೆ. ಒಬ್ಬರು ವಕೀಲರು. ಇನ್ನೊಬ್ಬರು ಹುನಗುಂದ ಭಾಗದ ಹಳ್ಳಿಗಳಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕಿಯಾಗಿ ದುಡಿಯುತ್ತಿರುವ ಸಹೋದರಿ. ಮೂರನೆಯವರು ಜಮೀನು ಕಳೆದುಕೊಂಡ ಒಬ್ಬ ರೈತರು. ಮೂವರೂ ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಬೇಡವೆಂದು ಕೋರಿದ್ದಾರೆ. ಹೆಸರಿಗಾಗಿಯೇ ಸನ್ಮಾನ ಮಾಡಿಸಿಕೊಳ್ಳುವ ಈ ಕಾಲದಲ್ಲಿ ಅದೂ ಒಂದು ವಿಶೇಷವೇ.

ವಿಷಯಕ್ಕೆ ಬರುವ ಮೊದಲು ಒಂದು ಪದದ ಬಗ್ಗೆ ಹೇಳಬೇಕು. ಬೆಂಗಳೂರಿನಲ್ಲಿ ‘ಅವಾರ್ಡ್’ ಎಂದರೆ ಶಾಲು, ಹಾರ, ಫಲಕ ಮತ್ತು ಮರುದಿನದ ಪತ್ರಿಕೆಯಲ್ಲೊಂದು ಚಿತ್ರ. ಆದರೆ ಬಾಗಲಕೋಟೆಯಿಂದ ಹುನಗುಂದಕ್ಕೆ ಬರುವ ಬಸ್ಸಿನಲ್ಲಿ ಕುಳಿತು ಯಾರಾದರೂ “ನಮಗೆ ಅವಾರ್ಡ್ ಆಯ್ತು” ಎಂದರೆ ಪಕ್ಕದಲ್ಲಿ ಕುಳಿತವರು ಅಭಿನಂದಿಸುವುದಿಲ್ಲ. “ಯಾವ ಊರಿಂದ್ರೀ? ಎಕರೆಕ್ಕ ಎಷ್ಟು?” ಎಂದು ಕೇಳುತ್ತಾರೆ. ಭೂಸ್ವಾಧೀನಾಧಿಕಾರಿಯು ಒಂದು ತುಂಡು ಜಮೀನಿಗೆ ಬೆಲೆ ಕಟ್ಟಿ ಹೊರಡಿಸುವ ಆದೇಶಕ್ಕೆ ಕಾನೂನಿನ ಭಾಷೆಯಲ್ಲಿ ಐತೀರ್ಪು ಎನ್ನುತ್ತಾರೆ. ಜನರು ಅದನ್ನು ಅವಾರ್ಡ್ ಎಂದೇ ಕರೆಯುತ್ತಾರೆ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಬಳಿಕ ಈ ಜಿಲ್ಲೆಯ ಎರಡು ಮೂರು ತಲೆಮಾರುಗಳು ಆ ಪದದೊಂದಿಗೇ ಬದುಕಿವೆ. ಘಟಪ್ರಭಾ ನದಿಯ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳಿಗೆ ನುಗ್ಗಿದಾಗ ಮಸೀದಿಯ ಪಕ್ಕದ ಮನೆ, ಗುಡಿಯ ಪಕ್ಕದ ಮನೆ ಎಂಬ ಭೇದ ಮಾಡಲಿಲ್ಲ. ಎಲ್ಲರ ಕೈಗೂ ಒಂದೊಂದು ಅವಾರ್ಡ್ ಬಂತು, ಎಲ್ಲರೂ ನವನಗರಕ್ಕೋ ಪುನರ್ವಸತಿ ಕೇಂದ್ರಗಳಿಗೋ ಗಂಟುಮೂಟೆ ಕಟ್ಟಿದರು.

ಆದರೆ ಎಲ್ಲರಿಗೂ ಸಮಾನವಾಗಿ ನ್ಯಾಯ ದೊರೆಯಿತೇ? ಈ ಪ್ರಶ್ನೆಗೆ ಉತ್ತರವಾಗಿ ವೇದಿಕೆಯಲ್ಲಿರುವ ಆ ರೈತರ ಕಥೆಯನ್ನೇ ಅವರ ಅನುಮತಿ ಪಡೆದು ಹೇಳುತ್ತೇವೆ.

ಅವರಿಬ್ಬರು ಅಣ್ಣ ತಮ್ಮಂದಿರು. ತಂದೆಯ ಜಮೀನನ್ನು ಪಾಲು ಮಾಡಿಕೊಂಡು ಬೇರೆ ಬೇರೆ ಉತಾರ ಮಾಡಿಸಿಕೊಂಡಿದ್ದರು. ನಡುವೆ ಒಂದು ಬದು ಮಾತ್ರ. ಒಂದೇ ಕಪ್ಪು ಮಣ್ಣು, ಒಂದೇ ಬೆಳೆ, ಒಂದೇ ಅಧಿಸೂಚನೆ, ಒಂದೇ ದಿನದ ಅವಾರ್ಡ್, ಒಂದೇ ದರ. ಹಣ ಪಡೆಯಲು ಕಚೇರಿಗೆ ಹೋಗುವ ಹಿಂದಿನ ದಿನ ಅಣ್ಣನಿಗೆ ಊರಿನ ಶಾಲೆಯ ಮಾಸ್ತರರು ಸಿಕ್ಕಿದರು. “ರುಜು ಹಾಕುವಾಗ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಎಂದು ಬರೆಯಿರಿ” ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಣ್ಣ ಅದನ್ನು ನೋಡಿ ನೋಡಿ ಹಾಗೆಯೇ ಬರೆದರು. ತಮ್ಮ ಅಂದು ಬೇರೆ ಬಸ್ಸಿನಲ್ಲಿ ಹೋಗಿದ್ದರು. ಅವರು ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿ ಬಂದರು.

ಅಂದು ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದರ 18ನೇ ಕಲಮಿನ ಪ್ರಕಾರ, ಅಧಿಕಾರಿ ಕಟ್ಟಿದ ಬೆಲೆ ಸಾಲದೆಂದು ಅನಿಸಿದವರು ಪ್ರಕರಣವನ್ನು ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸಬೇಕೆಂದು ಅರ್ಜಿ ಕೊಡಬಹುದಿತ್ತು. ಕರ್ನಾಟಕದ ತಿದ್ದುಪಡಿಯಂತೆ ಅದಕ್ಕೆ ಇದ್ದ ಕಾಲಾವಧಿ ನೋಟಿಸ್ ಕೈಸೇರಿದ ದಿನದಿಂದ 90 ದಿನ. ಆದರೆ ಹಣವನ್ನು ತಕರಾರಿಲ್ಲದೆ ಪಡೆದವನಿಗೆ ಈ ಹಕ್ಕಿಲ್ಲವೆಂದು ಅದೇ ಕಾಯ್ದೆಯ 31ನೇ ಕಲಮು ಹೇಳುತ್ತಿತ್ತು. ಅಂದರೆ ರುಜುವಿನ ಪಕ್ಕದ ಒಂದು ಸಾಲು, ಆಮೇಲೆ ಮೂರು ತಿಂಗಳು. ಅಷ್ಟರಲ್ಲಿ ಒಂದು ಸಂಸಾರದ ಮುಂದಿನ ಐವತ್ತು ವರ್ಷಗಳ ಹಣೆಬರಹ ನಿರ್ಧಾರವಾಗುತ್ತಿತ್ತು.

ಅಣ್ಣನ ಪ್ರಕರಣ ವರ್ಷಗಟ್ಟಲೆ ನಡೆಯಿತು. ಕೊನೆಗೆ ನ್ಯಾಯಾಲಯ ದರವನ್ನು ಬಹಳಷ್ಟು ಏರಿಸಿತು. ಏರಿಸಿದ ಮೊತ್ತದ ಮೇಲೆ ಶೇ. 30ರ ಪರಿಹಾರ ಭತ್ಯೆ, ಮೊದಲ ವರ್ಷಕ್ಕೆ ಶೇ. 9 ಮತ್ತು ಅನಂತರದ ವರ್ಷಗಳಿಗೆ ಶೇ. 15ರ ಬಡ್ಡಿ ಸೇರಿತು. ಆ ಹಣದಲ್ಲಿ ಅಣ್ಣ ಬೇರೆಡೆ ಜಮೀನು ಕೊಂಡರು. ತಮ್ಮನ ಮೊದಲಿನ ಹಣ ಅಷ್ಟರಲ್ಲಿ ಮಗಳ ಮದುವೆಗೆ, ಮನೆಯ ಛಾವಣಿಗೆ ಕರಗಿ ಹೋಗಿತ್ತು. ಅವರು ಕೂಲಿಗೆ ಗೋವಾಕ್ಕೆ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದನ್ನು ಒಬ್ಬ ವ್ಯಕ್ತಿಯ ಅಜ್ಞಾನವೆಂದು ತಳ್ಳಿಹಾಕಬಹುದಿತ್ತು. ಮುಗಿಯಲಿಲ್ಲ. 1984ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದು 28-ಎ ಎಂಬ ಹೊಸ ಕಲಮನ್ನು ಸೇರಿಸಿತ್ತು. ಬಡವರೂ ಮಾತು ಬಾರದವರೂ ನ್ಯಾಯಾಲಯದ ಮೆಟ್ಟಿಲೇರುವುದಿಲ್ಲ, ಅನುಕೂಲಸ್ಥರು ಮಾತ್ರ ಏರುತ್ತಾರೆ, ಇದರಿಂದ ಒಂದೇ ಬಗೆಯ ಜಮೀನಿಗೆ ಎರಡು ಬಗೆಯ ಬೆಲೆ ಸಿಗುತ್ತಿದೆ ಎಂಬುದನ್ನು ಸರಕಾರವೇ ಅಂದು ಒಪ್ಪಿಕೊಂಡಿತ್ತು. ಆದ್ದರಿಂದ ಒಂದೇ ಅಧಿಸೂಚನೆಯಡಿ ಭೂಮಿ ಕಳೆದುಕೊಂಡ ಒಬ್ಬನಿಗೆ ನ್ಯಾಯಾಲಯ ಬೆಲೆ ಏರಿಸಿದರೆ, ನ್ಯಾಯಾಲಯಕ್ಕೆ ಹೋಗದ ಇತರರೂ ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ಆಧಾರದ ಮೇಲೆ ತಮ್ಮ ಪರಿಹಾರವನ್ನೂ ಮರುನಿರ್ಧರಿಸುವಂತೆ ಕೇಳಬಹುದಿತ್ತು. ಇದು ಬಡವರ ಹಿತಕ್ಕಾಗಿಯೇ ಮಾಡಿದ ಕಾನೂನು, ಉದಾರವಾಗಿ ಅರ್ಥೈಸಬೇಕು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಪ್ರದೀಪ್ ಕುಮಾರಿ ಪ್ರಕರಣದಲ್ಲಿ ಹೇಳಿತು.

ಹೆಬ್ಬೆಟ್ಟು ಒತ್ತಿದ ತಮ್ಮನಿಗಾಗಿಯೇ ಮಾಡಿದಂತಿದ್ದ ಕಾನೂನು ಇದು. ಆದರೆ ಅದು ಅವರಿಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. “ಅಣ್ಣಾಂದ ಕೇಸ್ ಗೆದ್ದರ ನಂದೂ ಗೆದ್ದಂಗ ಅಂತ ತಿಳ್ಕೊಂಡಿದ್ದೆನ್ರೀ” ಎಂದು ಅವರು ನಮಗೆ ಹೇಳಿದರು. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅವರು ಒಬ್ಬ ವಕೀಲರ ಬಳಿ ಬಂದಾಗ ಮೂರು ತಿಂಗಳು ಕಳೆದು ಬಹಳ ಕಾಲವಾಗಿತ್ತು. ಇಂದು ಈ ವೇದಿಕೆಯಲ್ಲಿ ಕುಳಿತವರು ಗೆದ್ದ ಅಣ್ಣನಲ್ಲ, ಆ ತಮ್ಮ. ತಮ್ಮದು ಹೋದ ಬಳಿಕ ಅವರು ಪುನರ್ವಸತಿ ಕೇಂದ್ರದಿಂದ ಪುನರ್ವಸತಿ ಕೇಂದ್ರಕ್ಕೆ ನಡೆದು “ನಿಮ್ಮ ಊರಿನವರದು ಯಾರದ್ದಾದರೂ ತೀರ್ಪು ಆಗೈತೇನು? ಯಾವ ತಾರೀಖು?” ಎಂದು ಕೇಳುತ್ತಾ ತಿರುಗಿದವರು. ಓದು ಬಾರದ ಅವರು ಎಷ್ಟೋ ಜನರನ್ನು ಆ ಮೂರು ತಿಂಗಳೊಳಗೆ ವಕೀಲರ ಬಳಿಗೆ ಕರೆತಂದಿದ್ದಾರೆ. ಇಂದು ನಾವು ಸನ್ಮಾನಿಸುತ್ತಿರುವುದು ಈ ಕೆಲಸವನ್ನು.

ಬಂಧುಗಳೇ, ನ್ಯಾಯದ ಪ್ರಶಸ್ತಿ ಯಾರಿಗೆ ಸಲ್ಲಬೇಕೆಂಬ ನಮ್ಮ ಅಭಿಪ್ರಾಯ ಈ ಕಥೆಯಲ್ಲಿಯೇ ಇದೆ. ಕಾನೂನು ಪುಸ್ತಕದಲ್ಲಿರುವುದಕ್ಕೂ ಅದು ಒಬ್ಬ ಹೆಬ್ಬೆಟ್ಟಿನವನ ಕೈಗೆ ದಕ್ಕುವುದಕ್ಕೂ ನಡುವೆ ಒಂದು ದೂರವಿದೆ. ಆ ದೂರವನ್ನು ದಾಟಿಸಿದವರಿಗೆ ಪ್ರಶಸ್ತಿ ಸಲ್ಲಬೇಕು. ಎಷ್ಟು ಶಿಬಿರ ನಡೆಸಿದರು, ಎಷ್ಟು ಕರಪತ್ರ ಹಂಚಿದರು ಎಂಬುದು ಆಮೇಲಿನ ಮಾತು. ಶಾಲಾ ಮಕ್ಕಳನ್ನು ಸಾಲಾಗಿ ಕೂರಿಸಿ, ಅತಿಥಿಗಳು ಭಾಷಣ ಮಾಡಿ, ಉಪ್ಪಿಟ್ಟು ಹಂಚಿ, ಫೋಟೊ ತೆಗೆದರೆ ಅದೂ ಒಂದು ‘ಕಾನೂನು ಅರಿವು ಶಿಬಿರ’ ಎಂದು ವರದಿಯಲ್ಲಿ ದಾಖಲಾಗುತ್ತದೆ. ಇಂತಹ ಹಲವು ಶಿಬಿರಗಳಲ್ಲಿ ನಾವೂ ಮುಖ್ಯ ಅತಿಥಿಗಳಾಗಿದ್ದೆವು ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ.

ನವೆಂಬರ್ 9ನ್ನು ಕಾನೂನು ಸೇವೆಗಳ ದಿನವಾಗಿ ಆಚರಿಸುವುದಕ್ಕೆ ಕಾರಣವಿದೆ. 1987ರಲ್ಲಿ ಅಂಗೀಕಾರವಾದ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಜಾರಿಗೆ ಬಂದುದು 1995ರ ನವೆಂಬರ್ 9ರಂದು. ಅಂಗೀಕಾರಕ್ಕೂ ಜಾರಿಗೂ ನಡುವೆ ಎಂಟು ವರ್ಷ! ಬಡವನ ಕಾನೂನು ಕೂಡ ಬಡವನಂತೆಯೇ ಕಚೇರಿಯ ಹೊರಗೆ ಕಾಯಬೇಕಾಯಿತು. ಆರ್ಥಿಕ ಅಥವಾ ಇನ್ನಾವುದೇ ಅಸಾಮರ್ಥ್ಯದಿಂದಾಗಿ ಯಾವ ಪ್ರಜೆಯೂ ನ್ಯಾಯದಿಂದ ವಂಚಿತನಾಗಬಾರದೆಂಬ 39-ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ. ಆ ದಿನದ ಅಂಗವಾಗಿ ಉತ್ತಮ ಜಿಲ್ಲಾ ಪ್ರಾಧಿಕಾರ, ಉತ್ತಮ ಪ್ಯಾನೆಲ್ ವಕೀಲ, ಉತ್ತಮ ಪ್ಯಾರಾ ಲೀಗಲ್ ಸ್ವಯಂಸೇವಕ ಎಂದು ರಾಷ್ಟ್ರಮಟ್ಟದಲ್ಲಿಯೂ ಪ್ರಶಸ್ತಿಗಳನ್ನು ನೀಡಿದ್ದುಂಟು. ಅದು ಸ್ವಾಗತಾರ್ಹ. 2009ರಲ್ಲಿ ಆರಂಭವಾದ ಪ್ಯಾರಾ ಲೀಗಲ್ ಸ್ವಯಂಸೇವಕರ ಯೋಜನೆಯಲ್ಲಿ ದುಡಿಯುವವರು ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು, ಸ್ವಸಹಾಯ ಸಂಘದ ಮಹಿಳೆಯರಂತಹ ಸಾಮಾನ್ಯರು. ಅವರಿಗೆ ಸಿಗುವ ಗೌರವಧನದಲ್ಲಿ ಗೌರವವೇ ಹೆಚ್ಚು, ಧನ ಕಡಿಮೆ.

ಆದರೆ ಪ್ರಶಸ್ತಿಗೆ ಅಳತೆಗೋಲು ಯಾವುದು? ನಮ್ಮ ಆಕ್ಷೇಪ ಇರುವುದು ಇಲ್ಲಿ. ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳಲ್ಲಿ ಇಷ್ಟು ಲಕ್ಷ ಪ್ರಕರಣಗಳು ಇತ್ಯರ್ಥವಾದವೆಂದು ಬರುತ್ತದೆ. ಆ ಲಕ್ಷಗಳೊಳಗೆ ಸಂಚಾರ ನಿಯಮದ ದಂಡಗಳೂ ಇನ್ನೂ ಕೋರ್ಟಿಗೇ ಬಾರದ ಬ್ಯಾಂಕ್ ಸಾಲದ ಬಾಕಿಗಳೂ ಸೇರಿರುತ್ತವೆ. ಹೆಲ್ಮೆಟ್ ಇಲ್ಲದ ದಂಡ ಕಟ್ಟಿದ ಯುವಕನೂ, ಗಂಡನಿಂದ ಜೀವನಾಂಶ ಪಡೆದ ತಾಯಿಯೂ ಲೆಕ್ಕದಲ್ಲಿ ತಲಾ ಒಂದು. ಲೋಕ ಅದಾಲತ್ತಿನಲ್ಲಿ ಆಗುವ ಒಪ್ಪಂದಕ್ಕೂ ಕಾಯ್ದೆಯಲ್ಲಿ ‘ಅವಾರ್ಡ್’ ಎಂದೇ ಹೆಸರು. ಕಾಯ್ದೆಯ 21ನೇ ಕಲಮಿನಂತೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ಮರಳಿ ಸಿಗುತ್ತದೆ. ವರ್ಷಗಟ್ಟಲೆ ಅಲೆಯುವುದು ತಪ್ಪುವುದರಿಂದ ಬಡವನಿಗೆ ಇದು ಬಹುದೊಡ್ಡ ಅನುಕೂಲ, ನಿಜ. ಆದರೆ ಅಪೀಲು ಇಲ್ಲವೆಂಬುದನ್ನು ತಿಳಿಯದೆ, “ಸಿಕ್ಕಿದ್ದು ತಗೊಂಡು ಮುಗಿಸಿಬಿಡು” ಎಂಬ ಒತ್ತಡಕ್ಕೆ ಮಣಿದು ರುಜು ಹಾಕಿದವನಿಗೆ ಅದೇ ಅನುಕೂಲ ಬಾಗಿಲಿಗೆ ಹಾಕಿದ ಬೀಗವಾಗುತ್ತದೆ. ಆಮೇಲೆ ಉಳಿಯುವುದು ಹೈಕೋರ್ಟಿನ ರಿಟ್ ಒಂದೇ, ಅದೂ ತೀರಾ ಸೀಮಿತ ಕಾರಣಗಳಿಗೆ. ಆದ್ದರಿಂದ ಎಷ್ಟು ಇತ್ಯರ್ಥ ಎಂಬುದರ ಜೊತೆಗೆ ಯಾರು ಎಷ್ಟು ಬಿಟ್ಟುಕೊಟ್ಟರು ಎಂಬುದನ್ನೂ ಕೇಳುವ ಪ್ರಶಸ್ತಿ ಸಮಿತಿ ನಮಗೆ ಬೇಕು.

2018ರ ಪದ್ಮ ಪ್ರಶಸ್ತಿಗಳ ಪಟ್ಟಿಯನ್ನು ನೆನಪಿಸಿಕೊಳ್ಳಿ. ನಮ್ಮದೇ ಜಿಲ್ಲೆಯ ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರಿಗೆ ಪದ್ಮಶ್ರೀ ಬಂತು. ವಚನ, ತತ್ವಪದ, ಸೂಫಿ ಚಿಂತನೆಗಳನ್ನು ಹಳ್ಳಿಹಳ್ಳಿಗೆ ಕೊಂಡೊಯ್ದ ಆ ಹಿರಿಯರು 2022ರಲ್ಲಿ ತೀರಿಕೊಂಡರು. ಆ ಪ್ರಶಸ್ತಿಯಿಂದ ನಮ್ಮ ಸಮುದಾಯ ಸಹಜವಾಗಿಯೇ ಸಂಭ್ರಮಿಸಿತು. ಆದರೆ ಅದೇ ಪಟ್ಟಿಯಲ್ಲಿ ನೆರೆಯ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಎಂಬ ಹೆಸರಿತ್ತು. ಏಳರ ವಯಸ್ಸಿನಲ್ಲಿ ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡ ಆ ಹೆಣ್ಣುಮಗಳು ಬೆಳೆದು, ತನ್ನಂತಹ ಮಹಿಳೆಯರ ಸಂಘಟನೆಯನ್ನೇ ಮುನ್ನಡೆಸಿದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ ಕಾನೂನು 1982ರದು. ಅದು ಕಾಗದದಿಂದ ಇಳಿದು ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಓಣಿಗಳಿಗೆ ಬರಬೇಕಾದರೆ ಸೀತವ್ವನಂತಹವರು ಮನೆಮನೆಯ ಕದ ತಟ್ಟಬೇಕಾಯಿತು. ಆ ದಿನಗಳಲ್ಲಿ ಅವರ ಹೆಸರನ್ನು ನಮ್ಮ ಎಷ್ಟು ಮನೆಗಳಲ್ಲಿ ಎತ್ತಲಾಯಿತು? ನಮ್ಮವರಿಗೆ ಬಂದ ಪ್ರಶಸ್ತಿ ಮಾತ್ರ ಪ್ರಶಸ್ತಿಯೆಂದು ಭಾವಿಸುವ ಈ ದೋಷ ನಮ್ಮ ಸಮುದಾಯಕ್ಕಷ್ಟೇ ಇರುವುದಲ್ಲ. ಆದರೆ ಇತರರಲ್ಲೂ ಇದೆಯೆಂಬುದು ನಮಗೆ ಸಮಾಧಾನವಾಗಬಾರದು.

ಪ್ರಶಸ್ತಿಯೇ ಸಿಗದವರ ಪಟ್ಟಿ ಇನ್ನೂ ದೊಡ್ಡದು. ಈ ದೇಶದಲ್ಲಿ ಉಚಿತ ಕಾನೂನು ನೆರವು ಬಡ ಆರೋಪಿಯ ಮೂಲಭೂತ ಹಕ್ಕೆಂದು ಸಾರಿದ 1979ರ ಪ್ರಸಿದ್ಧ ತೀರ್ಪಿಗೆ ಒಬ್ಬ ಮುಸ್ಲಿಂ ಮಹಿಳೆಯ ಹೆಸರಿದೆ: ಹುಸೈನಾರಾ ಖಾತೂನ್. ಆಕೆ ಬಿಹಾರದ ಜೈಲಿನಲ್ಲಿದ್ದ ವಿಚಾರಣಾಧೀನ ಕೈದಿ. ಆ ಜೈಲುಗಳಲ್ಲಿ, ಅಪರಾಧ ಸಾಬೀತಾದರೆ ಆಗಬಹುದಾದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರಿದ್ದರು. ಪೊಲೀಸ್ ಅಧಿಕಾರಿಯಾಗಿದ್ದ ಕೆ.ಎಫ್. ರುಸ್ತಮ್‌ಜಿಯವರು ಪತ್ರಿಕೆಯಲ್ಲಿ ಬರೆದ ಲೇಖನಗಳನ್ನು ಓದಿ ಕಪಿಲಾ ಹಿಂಗೋರಾಣಿ ಎಂಬ ವಕೀಲೆ ಸುಪ್ರೀಂ ಕೋರ್ಟಿಗೆ ಹೋದರು. ಸಾವಿರಾರು ಕೈದಿಗಳ ಬಿಡುಗಡೆಗೆ ದಾರಿಯಾಯಿತು. ಇಂದು ಕಾನೂನು ವಿದ್ಯಾರ್ಥಿಗಳು ಹುಸೈನಾರಾಳ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆಕೆಗೆ ಯಾರೂ ಶಾಲು ಹೊದಿಸಲಿಲ್ಲ.

ನಮ್ಮ ಭಾಗದಲ್ಲಿಯೂ ಅಂತಹ ಅನಾಮಿಕರು ಇದ್ದಾರೆ. ಪರಿಹಾರದ ಪ್ರಕರಣ ಹೈಕೋರ್ಟಿಗೆ ಹೋದರೆ ಇಲ್ಲಿನ ರೈತ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಬಸ್ ನಿಲ್ದಾಣದಲ್ಲಿ ಮುಖ ತೊಳೆದು ವಕೀಲರ ಕಚೇರಿ ಹುಡುಕಬೇಕಿದ್ದ ಕಾಲವೊಂದಿತ್ತು. ಅದು ತಪ್ಪಿದ್ದು 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾದಾಗ. 2013ರಲ್ಲಿ ಅದು ಕಾಯಂ ಪೀಠವಾಯಿತು. ಅದಕ್ಕಾಗಿ ಈ ಭಾಗದ ವಕೀಲರು ಅನೇಕ ವರ್ಷ ಹೋರಾಟ ನಡೆಸಿದರು. ನ್ಯಾಯದ ದಾರಿಯನ್ನು ಒಂದು ರಾತ್ರಿಯ ಪ್ರಯಾಣದಷ್ಟು ಕಡಿಮೆ ಮಾಡಿದ ಆ ಹೋರಾಟಕ್ಕೆ ಪ್ರಶಸ್ತಿ ಪತ್ರ ಬರೆಯುವುದಿದ್ದರೆ ಯಾರ ಹೆಸರಿನಲ್ಲಿ ಬರೆಯೋಣ?

ಈಗ ನಮ್ಮ ಮನೆಯೊಳಗೆ ನೋಡೋಣ. ಸರಕಾರವನ್ನೂ ನ್ಯಾಯಾಲಯವನ್ನೂ ಪ್ರಶ್ನಿಸಿದವರು ತಮ್ಮ ಜಮಾತನ್ನು ಪ್ರಶ್ನಿಸದಿದ್ದರೆ ಅದು ನ್ಯಾಯವಲ್ಲ. ಗಂಡ ಬಿಟ್ಟ ಹೆಣ್ಣುಮಗಳೊಬ್ಬಳು ಮಹ್ರ್ ಕೇಳಲು ಬರುತ್ತಾಳೆ. ಎಷ್ಟು ಮಹ್ರ್ ಎಂದು ಬರೆದಿತ್ತು? ಆಕೆಗೆ ಗೊತ್ತಿಲ್ಲ. ನಿಕಾಹ್‌ನಾಮಾ ಎಲ್ಲಿದೆ? ಜಮಾತಿನ ದಫ್ತರದಲ್ಲಿದೆ. ನಕಲು ಕೇಳಿದರೆ, “ನಾಳೆ ಬಾ, ಕಾರ್ಯದರ್ಶಿ ಇಲ್ಲ”, “ಗಂಡನ ಕಡೆಯವರನ್ನು ಕೇಳಿ ಹೇಳುತ್ತೇವೆ”. ನಿಕಾಹಿನ ದಿನ ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದ ಸಂಖ್ಯೆಯನ್ನು ಆಕೆಗೇ ಬರೆದುಕೊಡಲು ನಮಗೇಕೆ ಇಷ್ಟು ಸಂಕೋಚ? ಇದು ಒಂದು ಊರಿನ ಮಾತಲ್ಲ. ನಾವು ಹೋದ ಕಡೆಗಳಲ್ಲೆಲ್ಲ ಇದನ್ನು ಕೇಳಿದ್ದೇವೆ.

1986ರ ಮುಸ್ಲಿಂ ಮಹಿಳೆಯರ ಕಾಯ್ದೆಯಡಿ ವಿಚ್ಛೇದಿತೆಗೆ ಮಹ್ರ್ ಮಾತ್ರವಲ್ಲ, ನ್ಯಾಯಯುತವಾದ ಭವಿಷ್ಯದ ಏರ್ಪಾಡನ್ನೂ ಮಾಜಿ ಪತಿ ಮಾಡಬೇಕು. ಇದ್ದತ್ತಿನ ಅವಧಿಯೊಳಗೆ ಮಾಡಬೇಕಾದ ಆ ಏರ್ಪಾಡು ಇದ್ದತ್ತಿನ ದಿನಗಳಿಗಷ್ಟೇ ಅಲ್ಲ, ಆಕೆಯ ಮುಂದಿನ ಬದುಕಿಗೂ ಸಾಲುವಂತಿರಬೇಕು ಎಂದು 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳುವ ದಾರಿಯೂ ಆಕೆಗೆ ತೆರೆದೇ ಇದೆ ಎಂದು 2024ರ ಜುಲೈ 10ರಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಈ ತೀರ್ಪುಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಚರ್ಚೆಗಳಾಗಿವೆ, ಆಗಲಿ. ಆದರೆ ಚರ್ಚೆ ಮಾಡುವ ಗಂಡಸರ ಮನೆಯಲ್ಲಿ ರಾತ್ರಿ ಊಟವಿರುತ್ತದೆ. ಎರಡು ಮಕ್ಕಳೊಂದಿಗೆ ತವರಿನ ಜಗಲಿಯಲ್ಲಿ ಕುಳಿತವಳ ಮನೆಯಲ್ಲಿ ಇರುತ್ತದೆಯೇ? ಇಂದು ಸನ್ಮಾನ ಪಡೆಯುತ್ತಿರುವ ಸಹೋದರಿ ಇಂತಹ ಮಹಿಳೆಯರೊಂದಿಗೆ ಹುನಗುಂದದ ಕೋರ್ಟಿಗೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂರುತ್ತಾರೆ. ಆಕೆಗೆ ಮೊದಮೊದಲು ಬಂದ ಬೈಗುಳಗಳಲ್ಲಿ ಹೆಚ್ಚಿನವು ಪೊಲೀಸರಿಂದ ಬಂದವಲ್ಲ, ನಮ್ಮವರಿಂದಲೇ ಬಂದವು. “ಮನೆ ಒಡೆಯುವವಳು” ಎಂದರು. ಒಡೆದ ಮನೆಗೇ ಆಕೆ ಹೋಗಿದ್ದು ಎಂಬುದನ್ನು ಯಾರೂ ನೋಡಲಿಲ್ಲ.

ಪ್ರವಾದಿಯವರು(ಸ) ಯೌವನದಲ್ಲಿ, ಪ್ರವಾದಿತ್ವಕ್ಕಿಂತ ಬಹಳ ಮೊದಲು, ಭಾಗವಹಿಸಿದ್ದ ‘ಹಿಲ್ಫುಲ್ ಫುಝೂಲ್’ ಒಪ್ಪಂದದ ಹಿನ್ನೆಲೆ ನಿಮಗೆ ಗೊತ್ತಿರಬಹುದು. ಯಮನ್‌ನಿಂದ ಬಂದ ಒಬ್ಬ ವ್ಯಾಪಾರಿಯ ಸರಕನ್ನು ಪಡೆದು ಮಕ್ಕಾದ ಒಬ್ಬ ಪ್ರಭಾವಿ ಹಣ ಕೊಡಲಿಲ್ಲ. ಬಂಧುಬಳಗವಿಲ್ಲದ ಆ ಪರದೇಶಿ ಬೆಟ್ಟವೇರಿ ಕೂಗಿ ಹೇಳಿಕೊಂಡ. ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವರು ಸೇರಿ, ಅನ್ಯಾಯಕ್ಕೊಳಗಾದವನು ಊರಿನವನಾಗಿರಲಿ ಪರ ಊರಿನವನಾಗಿರಲಿ ಅವನ ಪರ ನಿಲ್ಲುವುದಾಗಿ ಪ್ರತಿಜ್ಞೆ ಮಾಡಿದರು. ಅಲ್ಲಿಂದ ಎದ್ದವರು ನೇರವಾಗಿ ಹೋಗಿ ಅವನ ಸರಕನ್ನು ಮರಳಿ ಕೊಡಿಸಿದರು. ಅಂತಹ ಒಪ್ಪಂದಕ್ಕೆ ಈಗ ಕರೆದರೂ ಓಗೊಡುವೆನೆಂದು ಪ್ರವಾದಿಯವರು ಮುಂದೆ ಹೇಳಿದ್ದರು. ಅದನ್ನು ಮಾಡಿಕೊಂಡವರು ಮುಸ್ಲಿಮರಾಗಿರಲಿಲ್ಲ, ಸಹಾಯ ಪಡೆದವನೂ ಮುಸ್ಲಿಮನಾಗಿರಲಿಲ್ಲ ಎಂಬುದನ್ನು ನಮ್ಮ ಯುವಕರು ವಿಶೇಷವಾಗಿ ಗಮನಿಸಬೇಕು.

ಉಚಿತ ಕಾನೂನು ನೆರವು ಯಾರಿಗೆ ಸಿಗುತ್ತದೆ ಎಂಬ ಬಗ್ಗೆ ನಮ್ಮಲ್ಲಿ ತಪ್ಪು ಕಲ್ಪನೆಗಳಿವೆ. ಕಾಯ್ದೆಯ 12ನೇ ಕಲಮಿನಲ್ಲಿ ‘ಅಲ್ಪಸಂಖ್ಯಾತರು’ ಎಂಬ ವರ್ಗವಿಲ್ಲ. ಮುಸ್ಲಿಮನೆಂಬ ಕಾರಣಕ್ಕೆ ಯಾರಿಗೂ ವಕೀಲರು ಸಿಗುವುದಿಲ್ಲ. ಆದರೆ ಮಹಿಳೆಗೆ, ಮಗುವಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕನಿಗೆ, ಬಂಧನದಲ್ಲಿರುವವನಿಗೆ ಆದಾಯವನ್ನೇ ಕೇಳದೆ ಸಿಗುತ್ತದೆ. ಉಳಿದವರಿಗೆ ಆದಾಯ ಮಿತಿಯಿದೆ. ನಿಮ್ಮ ಮನೆಯ ಯಾವುದೇ ಹೆಣ್ಣುಮಗಳು, ಆಕೆಯ ತಂದೆ ಸಿರಿವಂತನಾಗಿದ್ದರೂ, ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಹಾಳೆಯಲ್ಲಿ ಅರ್ಜಿ ಕೊಟ್ಟು ವಕೀಲರನ್ನು ಪಡೆಯಬಹುದು. 15100 ಎಂಬ ಸಹಾಯವಾಣಿಗೆ ಕರೆ ಮಾಡಬಹುದು.

ಪ್ರವಾಹ, ಬರದಂತಹ ವಿಪತ್ತಿಗೆ ಸಿಕ್ಕವರೂ ಅದೇ ಕಲಮಿನಲ್ಲಿದ್ದಾರೆ. 2009ರಲ್ಲಿ ಮಲಪ್ರಭಾ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳು ಮುಳುಗಿದವು. ‘ಆಸರೆ’ ಮನೆಗಳು ಬಂದವು. 2019ರಲ್ಲಿ ಮತ್ತೆ ನೀರು ಬಂತು. ಮನೆಗಳ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಟ್ಟಾಗ ಉತಾರ ಯಾರ ಹೆಸರಿನಲ್ಲಿದೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ತೀರಿಹೋದ ಅಜ್ಜನ ಹೆಸರಿನಲ್ಲಿ ಉಳಿದ ಮನೆಗಳಲ್ಲಿ ಇದ್ದ ವಿಧವೆಯರು ಕಚೇರಿಗಳಿಗೆ ಅಲೆದರು. ಅವರಲ್ಲಿ ಎಷ್ಟು ಮಂದಿಗೆ ತಮಗೆ ಉಚಿತವಾಗಿ ವಕೀಲರು ಸಿಗುತ್ತಾರೆಂದು ಯಾರಾದರೂ ಹೇಳಿದ್ದರು? ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಗಳಲ್ಲಿ ಹೆಸರಾಗಿದೆ. ಗಣಿಯಲ್ಲಿ ಕೈಕಾಲು ಕಳೆದುಕೊಂಡ ಕಾರ್ಮಿಕನಿಗೆ 1923ರ ಪರಿಹಾರ ಕಾಯ್ದೆಯಡಿ ಅರ್ಜಿ ಸಲ್ಲಿಸಲು ಸಾಮಾನ್ಯವಾಗಿ ಇರುವ ಅವಧಿ ಎರಡು ವರ್ಷ. ಮಾಲೀಕನು ಕೊಟ್ಟ ಅಲ್ಪಸ್ವಲ್ಪ ಹಣದಲ್ಲಿ ಆಸ್ಪತ್ರೆ ಮುಗಿಸಿ ಊರಿಗೆ ಹೋಗಿ ಮಲಗಿದವನಿಗೆ ಆ ಎರಡು ವರ್ಷ ಕಳೆದುದೇ ತಿಳಿಯುವುದಿಲ್ಲ. ಇಲ್ಲಿಯೂ ಹೇಳಬೇಕಾದವರು ಯಾರೋ ಹೇಳದೆ ಹೋದರು, ಅಷ್ಟೇ.

ಇದೆಲ್ಲವನ್ನೂ ಇಂದೇ ಏಕೆ ಹೇಳುತ್ತಿದ್ದೇವೆಂದರೆ, ಈ ಜಿಲ್ಲೆಗೆ ಮತ್ತೊಂದು ಸುತ್ತಿನ ಅವಾರ್ಡ್‌ಗಳು ಬರುತ್ತಿವೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. ಅದರಿಂದ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಖುಷ್ಕಿಯಾದರೆ 30 ಲಕ್ಷ ರೂಪಾಯಿಯ ದರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು. ಹಿಂದಿನ ಸಂತ್ರಸ್ತರು ಕನಸಿನಲ್ಲೂ ಕಾಣದ ಮೊತ್ತ ಇದು, ಸಂತೋಷ. ಆದರೆ ಇದು ಒಪ್ಪಿಗೆಯ ಐತೀರ್ಪು. ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ ಬಳಿಕ ಮೊತ್ತ ಸಾಲದೆಂದು ಹೇಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಒಪ್ಪಬೇಡಿ ಎಂದು ನಾವು ಹೇಳುತ್ತಿಲ್ಲ. ನೀರಾವರಿ ಜಮೀನು ದಾಖಲೆಯಲ್ಲಿ ಖುಷ್ಕಿ ಎಂದು ಬಿದ್ದಿದೆಯೇ, ಬಾವಿ, ಗಿಡ, ಮನೆ ಅಳತೆಯಲ್ಲಿ ಬಿಟ್ಟುಹೋಗಿವೆಯೇ, ತಾಯಿಯ, ಸೋದರಿಯರ ಹೆಸರು ಉತಾರದಲ್ಲಿದೆಯೇ ಎಂಬುದನ್ನು ರುಜುವಿಗೆ ಮೊದಲು ನೋಡಬೇಕು. ಹೆಣ್ಣುಮಕ್ಕಳ ಪಾಲನ್ನು ಶರೀಅತ್ ಕೊಟ್ಟಿದೆಯೆಂದು ಭಾಷಣ ಮಾಡುವ ನಾವು, ಪರಿಹಾರದ ಹಣ ಹಂಚುವಾಗ ಅವರಿಂದ “ನಮಗೆ ಏನೂ ಬೇಡ” ಎಂದು ಬರೆಸಿಕೊಳ್ಳುವುದನ್ನು ಹಿಂದಿನ ಸುತ್ತಿನಲ್ಲಿ ಕಣ್ಣಾರೆ ಕಂಡಿದ್ದೇವೆ. ಒಪ್ಪದವರಿಗೆ 2013ರ ಹೊಸ ಕಾಯ್ದೆಯ 64ನೇ ಕಲಮು ಇದೆ. ಆದರೆ ಐತೀರ್ಪಿನ ವೇಳೆ ಹಾಜರಿದ್ದವರಿಗೂ ನೋಟಿಸ್ ಪಡೆದವರಿಗೂ ಅಲ್ಲಿರುವುದು ಕೇವಲ ಆರು ವಾರ. ಹಳೆಯ 28-ಎ ಕಲಮಿನ ಸ್ಥಾನದಲ್ಲಿ ಈಗ 73ನೇ ಕಲಮು ಇದೆ, ಅದಕ್ಕೂ ಮೂರೇ ತಿಂಗಳು.

ಯುವ ಸಂಘಟಕರಿಗೆ ನಮ್ಮ ಕೋರಿಕೆ ಎರಡು. ಮುಂದಿನ ವರ್ಷವೂ ಈ ಪ್ರಶಸ್ತಿ ನೀಡುವಿರಾದರೆ ಅರ್ಜಿ ಕರೆಯಬೇಡಿ, ಅರ್ಜಿ ಬರೆಯಬಲ್ಲವರಿಗೆ ಪ್ರಶಸ್ತಿಗಳು ಹೇಗಾದರೂ ಸಿಗುತ್ತವೆ. ನೀವೇ ಊರೂರಿಗೆ ಹೋಗಿ, “ನಿಮಗೆ ಕೋರ್ಟಿನ ದಾರಿ ತೋರಿಸಿದವರು ಯಾರು?” ಎಂದು ಕೇಳಿ. ಅಣ್ಣನಿಗೆ ಚೀಟಿ ಬರೆದುಕೊಟ್ಟ ಆ ಮಾಸ್ತರರ ಹೆಸರು ಹಾಗೆ ಕೇಳಿದರೆ ಮಾತ್ರ ಹೊರಬರುತ್ತದೆ. ಎರಡನೆಯದು, ಈ ಊರಿನ ಮತ್ತು ಸುತ್ತಲಿನ ಜಮಾತುಗಳ ಹಿರಿಯರು ಇಲ್ಲಿದ್ದಾರೆ. ಮುಂದಿನ ನಿಕಾಹಿನಿಂದಲೇ ನಿಕಾಹ್‌ನಾಮಾದ ಒಂದು ಪ್ರತಿಯನ್ನು ವಧುವಿನ ಕೈಗೆ ಅಲ್ಲಿಯೇ ಕೊಡುವ ತೀರ್ಮಾನವನ್ನು ಮಾಡಿರಿ. ಅದಕ್ಕೆ ಬೇಕಾದುದು ಒಂದು ಕಾರ್ಬನ್ ಹಾಳೆ.

ನಮ್ಮ ರೈತ ಕಾಕಾರ ಬಗ್ಗೆ ಒಂದು ಮಾತು ಉಳಿದಿದೆ. ಸನ್ಮಾನದ ಸುದ್ದಿ ತಿಳಿಸಲು ಸಂಘಟಕರು ಅವರ ಮನೆಗೆ ಹೋದಾಗ, ಶಾಲು, ಹಾರಕ್ಕೆ ಎಷ್ಟು ಖರ್ಚಾಗುತ್ತದೆಂದು ಅವರು ಕೇಳಿದರಂತೆ. ಮೊತ್ತ ಹೇಳಿದಾಗ, ಅಷ್ಟು ದುಡ್ಡಿಗೆ ಆರು ವಾರದ ಅರ್ಜಿ ನಮೂನೆಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಝೆರಾಕ್ಸ್ ಮಾಡಿಸಿ ಕೊಡಿ ಎಂದರು. ಆ ಕಟ್ಟು ಇಲ್ಲಿ ಮೇಜಿನ ಮೇಲಿದೆ. ಮುಳುಗಡೆಯಾಗಲಿರುವ ಊರುಗಳಿಂದ ಬಂದವರು ಹೋಗುವಾಗ ತಮ್ಮ ಓಣಿಯವರಿಗೆ ಬೇಕಾದಷ್ಟನ್ನು ಎಣಿಸಿ ತೆಗೆದುಕೊಳ್ಳಿ.